ಪರಾಮರ್ಶನ ಮೇಜಿನ ಆಕರಗಳು: ಕಪಾಟಿನವು, ಪರದೆಯವು

ಕೆಲವು ವಾರಗಳ ಹಿಂದೆ ಓದುಗರೊಬ್ಬರು ಮಡಿಕೆಗಳಲ್ಲಿ ಹರಿದಿದ್ದ ಯುರೋಪಿನ ಹಳೆಯ ಭೂಪಟವೊಂದನ್ನು ಓದುಗರ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಡುವ ನಮ್ಮ ಗ್ರಂಥಾಲಯದ ಪರಾಮರ್ಶನ ವಿಭಾಗದ ಮೇಜಿನ ಮೇಲೆ ಹರಡಿ, ಇದು ಯಾವ ವರ್ಷದ್ದೆಂದು ಹೇಳಲು ಸಾಧ್ಯವೇ ಎಂದು ಕೇಳಿದರು. ಪ್ರಕಾಶಕರ ಹೆಸರಿರಬೇಕಾಗಿದ್ದ ಅಂಚನ್ನು ಯಾರೋ ಕತ್ತರಿಸಿದ್ದರು. ವರ್ಷ ಎಲ್ಲಿಯೂ ಅಚ್ಚಾಗಿರಲಿಲ್ಲ. ಇಂಥ ಸಂದರ್ಭದಲ್ಲಿ ಊರು ಮತ್ತು ದೇಶಗಳ ಹೆಸರುಗಳೇ ಸಾಕ್ಷಿ ಹೇಳಬೇಕು. ರಷ್ಯಾದ ಹಳೆಯ ರಾಜಧಾನಿಯ ಜಾಗದಲ್ಲಿ ಪೆಟ್ರೋಗ್ರಾಡ್ ಎಂದಿತ್ತು. ಆ ಊರಿಗೆ ಆ ಹೆಸರಿದ್ದದ್ದು 1914ರಿಂದ 1924ರ ಜನವರಿಯವರೆಗೆ ಮಾತ್ರ. ಬಾಲ್ಕನ್ ಪ್ರದೇಶದಲ್ಲಿ ಸರ್ಬರು, ಕ್ರೊಯೇಟರು ಮತ್ತು ಸ್ಲೊವೀನರ ರಾಜ್ಯವೆಂದು ಬರೆದಿತ್ತು. ಅದು 1918ರ ಡಿಸೆಂಬರ್‌ನಲ್ಲಿ ಹುಟ್ಟಿ, 1929ರಲ್ಲಿ ಯುಗೊಸ್ಲಾವಿಯ ಎಂಬ ಹೆಸರು ಪಡೆಯಿತು. ಐರಿಷ್ ಮುಕ್ತ ರಾಜ್ಯ ಸ್ಥಾಪನೆಯಾದದ್ದು 1922ರ ಡಿಸೆಂಬರ್‌ನಲ್ಲಿ. ಈ ಪಟದಲ್ಲಿ ಐರ್ಲೆಂಡ್ ಇನ್ನೂ ಪೂರ್ತಿಯಾಗಿ ಬ್ರಿಟನ್ನಿನ ಬಣ್ಣದಲ್ಲಿಯೇ ಇತ್ತು. ಹೀಗಾಗಿ 1919ರಿಂದ 1922ರ ನಡುವಿನದೆಂದು ಹೇಳಿ, ಭೂಪಟ ಮಾಡುವವರು ಹಳೆಯ ಅಚ್ಚನ್ನೇ ಒಂದೆರಡು ವರ್ಷ ಹೆಚ್ಚಿಗೆ ಬಳಸುತ್ತಿದ್ದದ್ದೂ ಉಂಟೆಂಬ ಎಚ್ಚರಿಕೆಯನ್ನು ಜೊತೆಗೆ ಸೇರಿಸಿದೆವು.

ಈ ಉತ್ತರಕ್ಕೆ ನೆರವಾದ ಆಕರಗಳು ಮೂರು. ಊರುಗಳ ಹಳೆಯ ಹೆಸರುಗಳನ್ನೂ ಕೊಡುವ ಗೆಟ್ಟಿ ಸಂಸ್ಥೆಯ ಭೌಗೋಳಿಕ ಹೆಸರುಗಳ ಪದಕೋಶ ಮತ್ತು ಹೋಲಿಕೆಗೆ ಬೇಕಾದ ಹಳೆಯ ಪಟಗಳಿರುವ ಡೇವಿಡ್ ರಮ್ಸೆ ಭೂಪಟ ಸಂಗ್ರಹ, ಇವೆರಡೂ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಮೂರನೆಯದು 1952ರಲ್ಲಿ ಪ್ರಕಟವಾದ ಕೊಲಂಬಿಯ ಲಿಪಿನ್‌ಕಾಟ್ ಗೆಜೆಟಿಯರ್ ಎಂಬ ಸ್ಥಳನಾಮಗಳ ಕೋಶ. ಹಳತಾಯಿತೆಂದು ವಿಲೇವಾರಿ ಪಟ್ಟಿಗೆ ಒಮ್ಮೆ ಸೇರಿ, ಯಾರದೋ ಹಟದಿಂದ ಉಳಿದುಕೊಂಡ ದಪ್ಪ ಸಂಪುಟ. (ಆ ಹಟ ನನ್ನದೇ ಆಗಿತ್ತೆಂದು ಹೇಳಿಕೊಳ್ಳುವ ಆಸೆಯಿದೆ, ನಿಜವಾಗಿ ನನ್ನ ಹಿರಿಯ ಸಹೋದ್ಯೋಗಿಯದು.) ಪರಾಮರ್ಶನ ಸಿಬ್ಬಂದಿಗೆ ಆಕರಗಳ ಪರಿಚಯವಿರಬೇಕೆಂದು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಆ ಪರಿಚಯವೆಂದರೆ ಒಂದು ಆಕರಕ್ಕೆ ಯಾವ ದಿನಾಂಕದವರೆಗಿನದು ಗೊತ್ತು, ಯಾವುದನ್ನು ಅದು ಬೇಕೆಂದೇ ಬಿಟ್ಟಿದೆ, ಅದರ ಮಾಹಿತಿ ಎಲ್ಲಿಂದ ಬಂದದ್ದು ಎಂಬ ಮೂರು ಸಂಗತಿಗಳನ್ನು ಮೇಜಿನ ಮುಂದೆ ಓದುಗರು ನಿಂತಿರುವಾಗಲೇ ನೆನಪಿನಿಂದ ಹೇಳಬಲ್ಲಷ್ಟು ಬಳಕೆ.

ಆಕರಗಳನ್ನೇ ಪರಿಚಯಿಸುವ ಆಕರಗಳಿಂದ ಆರಂಭಿಸುವುದು ಒಳ್ಳೆಯದು. ಅಮೆರಿಕದ ಗ್ರಂಥಪಾಲಕಿ ಆಲಿಸ್ ಕ್ರೋಗರ್ 1902ರಲ್ಲಿ ಆರಂಭಿಸಿದ ಪರಾಮರ್ಶನ ಗ್ರಂಥಗಳ ಮಾರ್ಗದರ್ಶಿ, ಬೇರೆ ಬೇರೆ ಸಂಪಾದಕರ ಕೈದಾಟಿ, 1996ರಲ್ಲಿ ಹನ್ನೊಂದನೆಯ ಆವೃತ್ತಿಯನ್ನು ಕಂಡಿತು; ಮುಂದೆ ಆನ್‌ಲೈನ್‌ಗೆ ಬಂದು 2016ರಲ್ಲಿ ನಿಂತೇಹೋಯಿತು. ಬ್ರಿಟನ್ನಿನಲ್ಲಿ 1959ರಿಂದ ಬಂದ ವಾಲ್‌ಫರ್ಡ್ ಮಾರ್ಗದರ್ಶಿಯೂ ಇದೇ ಬಗೆಯದು. ಇವುಗಳ ಹಳೆಯ ಆವೃತ್ತಿ ನಿಮ್ಮ ಗ್ರಂಥಾಲಯದಲ್ಲಿದ್ದರೆ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ವಾರಕ್ಕೊಂದು ವಿಷಯದಂತೆ ಓದಿಸಬಹುದು. ವಿಳಾಸ, ಆವೃತ್ತಿಗಳು ಹಳತಾಗಿರುತ್ತವೆ, ನಿಜ. ಆದರೆ ಒಂದು ಶಾಸ್ತ್ರದಲ್ಲಿ ನಿಘಂಟು, ಗ್ರಂಥಸೂಚಿ, ವಾರ್ಷಿಕ ಸಮೀಕ್ಷೆ, ಸಾರಸಂಗ್ರಹ ಎಂಬ ಬಗೆಗಳು ಹೇಗೆ ಹಂಚಿಕೊಂಡಿರುತ್ತವೆ ಎಂಬುದು ಅಷ್ಟು ಬೇಗ ಬದಲಾಗುವುದಿಲ್ಲ. ಆನ್‌ಲೈನ್ ಪಟ್ಟಿಗಳಿಗೆ ಈ ಬಾಳಿಕೆಯಿಲ್ಲ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಹುಟ್ಟಿದ ಇಂಟರ್ನೆಟ್ ಪಬ್ಲಿಕ್ ಲೈಬ್ರರಿ, ಗ್ರಂಥಪಾಲಕರೇ ಆರಿಸಿದ ಜಾಲತಾಣಗಳ ಅಚ್ಚುಕಟ್ಟಾದ ಪಟ್ಟಿಯಾಗಿ ಬೆಳೆದು, 2015ರಲ್ಲಿ ಮುಚ್ಚಿತು. ಅದನ್ನು ನೆಚ್ಚಿಕೊಂಡು ಸ್ವಂತ ಪಟ್ಟಿ ಇಟ್ಟುಕೊಳ್ಳದೆ ಕುಳಿತಿದ್ದವರಲ್ಲಿ ನಾನೂ ಒಬ್ಬ.

ಮುದ್ರಿತ ಆಕರಗಳ ವಿಷಯದಲ್ಲಿ ನನ್ನದೊಂದು ಅಭ್ಯಾಸವಿದೆ. ಹೊಸ ಸಂಪುಟ ಬಂದ ದಿನವೇ ಮುನ್ನುಡಿ, ಸಂಕೇತಗಳ ಪಟ್ಟಿ, ಬಳಸುವ ಕ್ರಮ ಮತ್ತು ಕೊನೆಯ ಸೂಚಿ ಇಷ್ಟನ್ನು ಓದಿ, ನನಗೆ ಉತ್ತರ ಗೊತ್ತಿರುವ ಮೂರು ಪ್ರಶ್ನೆಗಳನ್ನು ಅದರಲ್ಲಿ ಹುಡುಕುತ್ತೇನೆ. ಉತ್ತರ ಗೊತ್ತಿರುವುದರಿಂದ ಆಕರದ ತಪ್ಪು, ಅದು ಬಿಟ್ಟ ವಿಷಯ, ಅದರ ಸೂಚಿಯ ಸೋಮಾರಿತನ ಎಲ್ಲವೂ ಅರ್ಧ ಗಂಟೆಯಲ್ಲಿ ಬಯಲಾಗುತ್ತವೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಉದಾಹರಣೆ ತೆಗೆದುಕೊಳ್ಳಬಹುದು. 1928ರಲ್ಲಿ ಮೊದಲ ಆವೃತ್ತಿ ಪೂರ್ಣಗೊಂಡು, 1989ರಲ್ಲಿ ಇಪ್ಪತ್ತು ಸಂಪುಟಗಳ ಎರಡನೆಯ ಆವೃತ್ತಿಯಾಗಿ ಬಂದ ಈ ನಿಘಂಟು ಪ್ರತಿ ಪದದ ಪ್ರಯೋಗಗಳನ್ನು ವರ್ಷಸಮೇತ ಕೊಡುತ್ತದೆ. ಅಲ್ಲಿನ ಮೊದಲ ವರ್ಷವನ್ನು ಪದ ಹುಟ್ಟಿದ ವರ್ಷವೆಂದು ಓದುಗರು ಬರೆದುಕೊಂಡು ಹೋಗುತ್ತಾರೆ. ಅದು ಸಂಪಾದಕರ ಕೈಗೆ ಸಿಕ್ಕ ಅತ್ಯಂತ ಹಳೆಯ ಬರವಣಿಗೆಯ ವರ್ಷವೆಂದು ಹೇಳಬೇಕಾದವರು ನಾವು. ಕನ್ನಡ ಪದಗಳ ವಿಷಯದಲ್ಲಿಯೂ ಅಷ್ಟೆ: 1894ರ ಕಿಟೆಲ್ ನಿಘಂಟಿನಲ್ಲಿ ಒಂದು ಪದ ಇಲ್ಲದಿದ್ದರೆ ಅದು ಆ ಮೇಲೆ ಹುಟ್ಟಿದ್ದೆಂದು ತೀರ್ಮಾನಿಸಲು ಬರುವುದಿಲ್ಲ.

ಎನ್‌ಸೈಕ್ಲೋಪೀಡಿಯ ಬ್ರಿಟಾನಿಕ 1768ರಿಂದ ಅಚ್ಚಾಗುತ್ತ ಬಂದು, ಮೂವತ್ತೆರಡು ಸಂಪುಟಗಳ 2010ರ ಮುದ್ರಣವೇ ಕೊನೆಯದೆಂದು 2012ರಲ್ಲಿ ಘೋಷಣೆಯಾದಾಗ, ಹಲವು ಗ್ರಂಥಾಲಯಗಳು ಹಳೆಯ ಸಂಪುಟಗಳನ್ನೂ ಹೊರಗೆ ಹಾಕಿದವು. ನನಗೆ ಅದು ಅವಸರದ ನಿರ್ಧಾರವಾಗಿ ಕಂಡಿತು. ಆನ್‌ಲೈನ್ ವಿಶ್ವಕೋಶ ತಿದ್ದುಪಡಿಯಾಗುತ್ತಲೇ ಇರುವುದರಿಂದ, ಒಂದು ಕಾಲದ ವಿದ್ಯಾವಂತರು ಒಂದು ವಿಷಯದ ಬಗ್ಗೆ ಏನು ತಿಳಿದಿದ್ದರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗುವುದು ಕಷ್ಟ. ಅಚ್ಚಾದ ಸಂಪುಟದಲ್ಲಿ ಆ ಕಾಲ ಹಾಗೆಯೇ ನಿಂತಿರುತ್ತದೆ. 1910-11ರ ಹನ್ನೊಂದನೆಯ ಆವೃತ್ತಿಯ ಇಪ್ಪತ್ತೊಂಬತ್ತು ಸಂಪುಟಗಳು ಕೃತಿಸ್ವಾಮ್ಯದ ಆಚೆಗಿದ್ದು ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಸಂಗ್ರಹದಲ್ಲಿ ಸಿಗುತ್ತವೆ. ಜನಾಂಗಗಳ ಬಗ್ಗೆ ಅದರಲ್ಲಿರುವ ಮಾತುಗಳನ್ನು ಇಂದಿನ ತಿಳಿವಳಿಕೆಯೆಂದು ಯಾರಾದರೂ ಉದ್ಧರಿಸಿಕೊಳ್ಳದಂತೆ ನೋಡಿಕೊಳ್ಳುವುದೂ ನಮ್ಮ ಕೆಲಸವೇ. 1864ರಿಂದ ಬರುತ್ತಿರುವ ಸ್ಟೇಟ್ಸ್‌ಮನ್ಸ್ ಇಯರ್‌ಬುಕ್‌ನಂಥ ವಾರ್ಷಿಕಗಳ ಹಳೆಯ ಸಾಲನ್ನೂ ಉಳಿಸಿಕೊಳ್ಳಿ. 1936ರಲ್ಲಿ ಒಂದು ದೇಶದ ಮಂತ್ರಿಮಂಡಲ ಹೇಗಿತ್ತು ಎಂಬಂಥ ಪ್ರಶ್ನೆಗೆ ಅವುಗಳಷ್ಟು ನೇರವಾಗಿ ಉತ್ತರಿಸುವ ಜಾಲತಾಣವನ್ನು ನಾನು ಕಂಡಿಲ್ಲ.

ಇನ್ನು ಪರದೆಯ ಮೇಲಿನವು. ಯಾವ ಪುಸ್ತಕ ಎಲ್ಲಿದೆ ಎಂಬುದಕ್ಕೆ ವರ್ಲ್ಡ್‌ಕ್ಯಾಟ್, ಒಂದೇ ಲೇಖಕರ ಹೆಸರಿನ ಹಲವು ರೂಪಗಳನ್ನು ಒಂದುಗೂಡಿಸಲು ವಿಐಎಎಫ್, ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಸಂಶೋಧನಾ ಪತ್ರಿಕೆಗಳಿಗೆ 2003ರಿಂದಿರುವ ಡಿಒಎಜೆ, ವೈದ್ಯಕೀಯ ಲೇಖನಗಳಿಗೆ ಪಬ್‌ಮೆಡ್, ಸಾಮಾನ್ಯ ಓದುಗರ ಆರೋಗ್ಯದ ಪ್ರಶ್ನೆಗಳಿಗೆ ಮೆಡ್‌ಲೈನ್‌ಪ್ಲಸ್. ಇವು ಎಲ್ಲರಿಗೂ ಗೊತ್ತಿರುವಂಥವೇ. ಇವುಗಳಿಗಿಂತ ಕಡಿಮೆ ಬಳಕೆಯಲ್ಲಿರುವ ಉಪಾಯವೊಂದು ಹಾಥಿಟ್ರಸ್ಟ್‌ನಲ್ಲಿದೆ. 2008ರಲ್ಲಿ ಆರಂಭವಾದ ಈ ಡಿಜಿಟಲ್ ಸಂಗ್ರಹದಲ್ಲಿ ಕೃತಿಸ್ವಾಮ್ಯವಿರುವ ಬಹುಪಾಲು ಪುಸ್ತಕಗಳನ್ನು ತೆರೆದು ಓದಲಾಗದು, ಆದರೆ ಅವುಗಳ ಒಳಗೂ ಪದ ಹುಡುಕಬಹುದು. ಆ ಪದ ಯಾವ ಯಾವ ಪುಟಗಳಲ್ಲಿದೆ ಎಂದು ತಿಳಿಯುತ್ತದೆ. ಸೂಚಿಯೇ ಇಲ್ಲದ ಮುದ್ರಿತ ಪುಸ್ತಕ ನಿಮ್ಮ ಕಪಾಟಿನಲ್ಲಿದ್ದರೆ, ಅದಕ್ಕೆ ಹಾಥಿಟ್ರಸ್ಟ್ ಸೂಚಿಯಾಗುತ್ತದೆ. ಪುಸ್ತಕ ಬೇರೆ ಗ್ರಂಥಾಲಯದಲ್ಲಿದ್ದರೆ ಇಂಥ ಪುಟದ ಪ್ರತಿ ಬೇಕೆಂದು ನಿರ್ದಿಷ್ಟವಾಗಿ ಕೇಳಬಹುದು. ಗೂಗಲ್ ಬುಕ್ಸ್‌ನಲ್ಲಿಯೂ ಹೀಗೆ ಮಾಡಬಹುದಾದರೂ ನಿಯತಕಾಲಿಕಗಳ ವಿಷಯದಲ್ಲಿ ಅಲ್ಲಿ ಕಾಣುವ ವರ್ಷವನ್ನು ನಂಬಬಾರದು. ಪತ್ರಿಕೆ ಆರಂಭವಾದ ವರ್ಷವನ್ನೇ ಮುಂದಿನ ಎಲ್ಲ ಸಂಪುಟಗಳಿಗೂ ಅಂಟಿಸಿರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಈಚೆಗೆ ನಮ್ಮ ಸಮಯವನ್ನು ಹೆಚ್ಚು ತಿನ್ನುತ್ತಿರುವುದು ಇಲ್ಲದ ಲೇಖನಗಳ ಹುಡುಕಾಟ. ಚಾಟ್‌ಬಾಟ್ ಒಂದು ಕೊಟ್ಟ ಎಂಟು ಉಲ್ಲೇಖಗಳ ಪಟ್ಟಿ ಹಿಡಿದು ಸಂಶೋಧನಾ ವಿದ್ಯಾರ್ಥಿಯೊಬ್ಬರು ಬಂದಿದ್ದರು. ಲೇಖಕರು ಆ ಕ್ಷೇತ್ರದಲ್ಲಿ ನಿಜವಾಗಿಯೂ ಬರೆಯುವವರು, ಪತ್ರಿಕೆಯೂ ನಿಜ, ಶೀರ್ಷಿಕೆ ಯಾರಾದರೂ ಬರೆದಿರಬಹುದೆನ್ನಿಸುವಂಥದು. ಮೊದಲು, ಲೇಖನವೊಂದನ್ನು ಆನ್‌ಲೈನ್‌ನಲ್ಲಿ ಗುರುತಿಸಲು ಕೊಡುವ ಡಿಒಐ ಸಂಖ್ಯೆಗಳನ್ನು ಒಂದೊಂದಾಗಿ ಪರೀಕ್ಷಿಸಿದೆವು: ಎರಡು ತೆರೆಯಲೇ ಇಲ್ಲ, ಒಂದು ಸಂಬಂಧವಿಲ್ಲದ ಬೇರೊಂದು ಲೇಖನಕ್ಕೆ ಹೋಯಿತು. ಆ ಬಳಿಕ ಡಿಒಐಗಳನ್ನು ನೋಂದಾಯಿಸುವ ಕ್ರಾಸ್‌ರೆಫ್‌ನಲ್ಲಿ ಶೀರ್ಷಿಕೆಗಳನ್ನು ಹುಡುಕಿದೆವು; ಸಣ್ಣ ಪತ್ರಿಕೆಗಳು ಡಿಒಐ ಪಡೆಯದೆಯೇ ಇರುವುದರಿಂದ ಅಲ್ಲಿ ಇಲ್ಲವೆಂದ ಮಾತ್ರಕ್ಕೆ ಲೇಖನವೇ ಇಲ್ಲವೆನ್ನುವಂತಿಲ್ಲ. ಉಳಿದ ದಾರಿ ಪತ್ರಿಕೆಯ ಆ ಸಂಚಿಕೆಯ ಪರಿವಿಡಿಯನ್ನೇ ತೆಗೆದು ನೋಡುವುದು. ಹೇಳಿದ್ದ ಪುಟಗಳಲ್ಲಿ ಬೇರೆ ಲೇಖನ ಕುಳಿತಿತ್ತು. ಇನ್ನೊಂದರಲ್ಲಿ ಲೆಕ್ಕವೇ ತಪ್ಪಿತ್ತು: ನಿಯತಕಾಲಿಕಗಳ ಗುರುತಿನ ಸಂಖ್ಯೆಯಾದ ಐಎಸ್‌ಎಸ್‌ಎನ್ ದಾಖಲೆಯ ಪ್ರಕಾರ 1998ರಲ್ಲಿ ಆರಂಭವಾಗಿ ವರ್ಷಕ್ಕೊಂದು ಸಂಪುಟದಂತೆ ಬರುತ್ತಿರುವ ಪತ್ರಿಕೆಯ 2019ರ ಸಂಪುಟ 22 ಆಗಬೇಕು, ಪಟ್ಟಿಯಲ್ಲಿ 45 ಎಂದಿತ್ತು. ಎಂಟರಲ್ಲಿ ನಾಲ್ಕು ಸುಳ್ಳೆಂದು ಖಚಿತವಾಗುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ವಿದ್ಯಾರ್ಥಿಗೆ ಬೇಸರವಾಯಿತೆನ್ನುವುದಕ್ಕಿಂತ, ನಾವು ಸರಿಯಾಗಿ ಹುಡುಕಲಿಲ್ಲವೇನೋ ಎಂಬ ಅನುಮಾನವೇ ಉಳಿಯಿತೆಂದು ತೋರುತ್ತದೆ. ಅಂದಿನಿಂದ ಹುಡುಕಿದ ಪ್ರತಿ ಹಂತವನ್ನೂ ಒಂದು ಹಾಳೆಯಲ್ಲಿ ಬರೆದು ಕೈಗೆ ಕೊಡುತ್ತಿದ್ದೇವೆ.

ಲೇಖನ ನಿಜವಾಗಿದ್ದರೂ ಅದು ಇನ್ನೂ ನಿಂತಿದೆಯೇ ಎಂದು ನೋಡಬೇಕಾಗುತ್ತದೆ. ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿ 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನವನ್ನು ಆ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಆದರೆ 1998ರ ಮುದ್ರಿತ ಸಂಚಿಕೆಯನ್ನು ಕಪಾಟಿನಿಂದ ತೆಗೆದು ಓದುವವರಿಗೆ ಅದು ತಿಳಿಯುವ ಬಗೆಯಿಲ್ಲ. ಹೀಗೆ ಹಿಂತೆಗೆದುಕೊಂಡ ಲೇಖನಗಳನ್ನು ದಾಖಲಿಸುವ ರಿಟ್ರಾಕ್ಷನ್ ವಾಚ್‌ನ ದತ್ತಾಂಶ 2023ರಿಂದ ಕ್ರಾಸ್‌ರೆಫ್‌ನ ಮೂಲಕ ಮುಕ್ತವಾಗಿ ಸಿಗುತ್ತಿದೆ. ವೈದ್ಯಕೀಯ ಪ್ರಶ್ನೆಗಳಲ್ಲಿ ಅದನ್ನು ನೋಡದೆ ಲೇಖನ ಕೊಡಬಾರದೆಂಬುದು ನಮ್ಮ ವಿಭಾಗದ ನಿಯಮ.

ವಿಕಿಪೀಡಿಯವನ್ನು ಮೇಜಿನಿಂದ ದೂರವಿಡಬೇಕೆನ್ನುವವರ ವಾದ ನನಗೆ ಒಪ್ಪಿಗೆಯಿಲ್ಲ. ಅದನ್ನು ಉತ್ತರವಾಗಿ ಕೊಡದೆ, ಅದರ ಅಡಿಟಿಪ್ಪಣಿಗಳಿಂದ ಮೂಲ ಆಕರಕ್ಕೆ ಹೋಗಬೇಕು. ಆ ಅಡಿಟಿಪ್ಪಣಿಯ ಕೊಂಡಿ ಸತ್ತಿದ್ದರೆ, ಇಂಟರ್ನೆಟ್ ಆರ್ಕೈವ್ 2001ರಲ್ಲಿ ಸಾರ್ವಜನಿಕರಿಗೆ ತೆರೆದ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ಪುಟ ಸಿಗುವ ಸಾಧ್ಯತೆಯಿದೆ. ಓದುಗರಿಗೆ ಉತ್ತರ ಕೊಟ್ಟ ದಿನವೇ ಆ ಪುಟವನ್ನು ಅಲ್ಲಿ ಉಳಿಸಿ, ಉಳಿಸಿದ ವಿಳಾಸವನ್ನೂ ಕೊಡುವುದು ಒಂದು ನಿಮಿಷದ ಕೆಲಸ.

ಇಷ್ಟೆಲ್ಲ ಆಕರಗಳಿದ್ದರೂ ಯಾವುದನ್ನು ತೆರೆಯಬೇಕೆಂಬುದು ಪ್ರಶ್ನೆ ತಿಳಿದ ಮೇಲಿನ ಮಾತು. ಮನಸ್ಸಿನೊಳಗಿನ ಅಸ್ಪಷ್ಟವಾದ ಕೊರತೆಯೊಂದು ಮೇಜಿನ ಬಳಿಗೆ ಬರುವ ಹೊತ್ತಿಗೆ, ಗ್ರಂಥಾಲಯದಲ್ಲಿ ಏನು ಸಿಗಬಹುದೆಂಬ ಊಹೆಗೆ ತಕ್ಕಂತೆ ಮೊಟಕಾಗಿರುತ್ತದೆಂದು ಗ್ರಂಥಾಲಯ ಶಾಸ್ತ್ರದ ವಿದ್ವಾಂಸ ರಾಬರ್ಟ್ ಟೇಲರ್ 1968ರ ಲೇಖನವೊಂದರಲ್ಲಿ ವಿವರಿಸಿದ್ದರು. ಭೂಪಟದ ಓದುಗರ ವಿಷಯದಲ್ಲಿಯೂ ಹಾಗೆಯೇ ಆಯಿತು. ವರ್ಷ ಹೇಳಿದ ಮೇಲೆ ಅವರು ಹೊರಡದೆ ನಿಂತಿದ್ದರು. ವಿಚಾರಿಸಿದಾಗ, ಪಟದ ಮೇಲೆ ಪೆನ್ಸಿಲ್‌ನಿಂದ ಎಳೆದಿದ್ದ ಗೆರೆಯೊಂದು ಯಾವ ರೈಲು ಮಾರ್ಗವಾಗಿರಬಹುದೆಂಬುದೇ ಅವರಿಗೆ ನಿಜವಾಗಿ ಬೇಕಾಗಿತ್ತೆಂದು ತಿಳಿಯಿತು. ಅದಕ್ಕೆ ಬೇಕಾದದ್ದು ಆ ಕಾಲದ ರೈಲ್ವೆ ವೇಳಾಪಟ್ಟಿ. ಬ್ರಾಡ್‌ಶಾ ಪ್ರಕಾಶನದ ಯುರೋಪ್ ಮಾರ್ಗದರ್ಶಿಯ ಕೆಲವು ವರ್ಷಗಳ ಸಂಪುಟಗಳು ಸಿಕ್ಕಿವೆ, ಹೊಂದುವ ಮಾರ್ಗ ಇನ್ನೂ ಸಿಕ್ಕಿಲ್ಲ. ನಮ್ಮ ಮೇಜಿನ ನೋಟ್‌ಬುಕ್‌ನಲ್ಲಿ ಪ್ರಶ್ನೆ, ದಿನಾಂಕ, ಉತ್ತರ ಸಿಕ್ಕ ಆಕರ ಎಂಬ ಕಲಮುಗಳ ಪಕ್ಕದಲ್ಲಿ, ಹುಡುಕಿಯೂ ಸಿಗದ ಆಕರಗಳಿಗೆಂದು ನಾಲ್ಕನೆಯ ಕಲಮು ಇದೆ. ಪೆನ್ಸಿಲ್ ಗೆರೆಯ ಸಾಲಿನಲ್ಲಿ ಸದ್ಯಕ್ಕೆ ತುಂಬಿರುವುದು ಆ ಕಲಮು ಮಾತ್ರ.