ನನ್ನ ಬಾರ್ಡ್ ಕೈಗೆ ತಂಬೂರಿ ಬಂದದ್ದು

"ನಿನ್ನ ಲೂಟ್ ಹೇಗೆ ಸದ್ದು ಮಾಡುತ್ತೆ, ಸ್ವಲ್ಪ ಹೇಳು."

ನಮ್ಮ ಡಿಎಂ ಹೀಗೆ ಕೇಳಿದಾಗ ನನಗೆ ಏನೂ ತೋಚಲಿಲ್ಲ. ಡಿಎಂ ಅಂದ್ರೆ ಡಂಜನ್ ಮಾಸ್ಟರ್. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದಲ್ಲಿ ಕತೆ ನಡೆಸುವವನು. ಲೂಟ್ ಅಂದ್ರೆ ಯುರೋಪಿನ ಒಂದು ಹಳೆಯ ತಂತಿವಾದ್ಯ. ಭಾನುವಾರ ಮಧ್ಯಾಹ್ನ ಬೆಂಗಳೂರಿನಲ್ಲಿ ಅವನ ಮನೆಯಲ್ಲಿ ಐದು ಜನ ಸೇರುತ್ತೇವೆ. ಮೇಜಿನ ತುಂಬ ದಾಳಗಳು, ಪೆನ್ಸಿಲ್ಲು, ಒಂದು ತಟ್ಟೆ ಚಕ್ಕುಲಿ. ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ನನ್ನದು ಬಾರ್ಡ್, ಹಾಡಿನಿಂದಲೇ ಮಂತ್ರ ಹಾಕುವವನು.

ಆಗಲೇ ಮೂರು ವಾರ ಆಡಿದ್ದೆ. ನನ್ನ ಹಾಳೆಯಲ್ಲಿ "ಲೂಟ್, 35 ಚಿನ್ನದ ನಾಣ್ಯ, 2 ಪೌಂಡ್" ಅಂತ ಬರೆದಿತ್ತು, ಅಷ್ಟೇ. ಪುಸ್ತಕದ ಪಟ್ಟಿಯಲ್ಲಿ ಕೊಳಲು, ಡ್ರಮ್, ಕಹಳೆ, ವಯೋಲ್ ಎಲ್ಲ ಇದ್ದವು. ಬಾರ್ಡ್ ಅಂದ್ರೆ ಲೂಟ್ ಅಂತ ಅದನ್ನೇ ಆರಿಸಿದ್ದೆ. ಆದರೆ ಎದುರಿಗೆ ಕೂತು ಯಾರೂ ಲೂಟ್ ನುಡಿಸಿದ್ದನ್ನು ನಾನು ಕೇಳಿರಲಿಲ್ಲ. ಕೇಳದ ಸದ್ದನ್ನು ಹೇಗೆ ವರ್ಣಿಸೋದು?

ಆ ರಾತ್ರಿ ನನ್ನನ್ನೇ ಕೇಳಿಕೊಂಡೆ, ಕಣ್ಣು ಮುಚ್ಚಿದರೂ ಕಿವಿಯಲ್ಲಿ ಉಳಿದಿರುವ ವಾದ್ಯ ಯಾವುದು ಅಂತ. ತಂಬೂರಿ. ಅದಕ್ಕೆ ಯೋಚಿಸಬೇಕಾಗಿಯೇ ಬರಲಿಲ್ಲ.

ನಮ್ಮ ಅಜ್ಜಿಯ ಊರು ಕೊಳ್ಳೇಗಾಲದ ಕಡೆ. ಚಿಕ್ಕವನಿದ್ದಾಗ ಜನವರಿಯ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆಗೆ ಕರೆದುಕೊಂಡು ಹೋಗೋರು. ಚಳಿ, ಹೊಗೆ, ಜನ. ಬಿದಿರಿನ ಚಂದ್ರಮಂಡಲ ಹೊತ್ತಿಕೊಂಡಾಗ ಏಳುವ ಕೂಗು. ಆಮೇಲೆ ಯಾವುದೋ ಮರದಡಿ ನೀಲಗಾರರು, ಅಂದ್ರೆ ಮಂಟೇಸ್ವಾಮಿ ಪರಂಪರೆಯ ಹಾಡುಗಾರರು, ಮಂಟೇಸ್ವಾಮಿ ಕಾವ್ಯ ಹಾಡೋರು. ಮುಂದಾಳು ಒಂದು ಕೈಯಲ್ಲಿ ತಂಬೂರಿ ಮೀಟುತ್ತ, ಇನ್ನೊಂದರಲ್ಲಿ ಗಗ್ಗರ ಆಡಿಸುತ್ತ ಕತೆ ಬಿಚ್ಚೋರು. ಹಿಮ್ಮೇಳದವರು ತಾಳ, ದಮ್ಮಡಿ ಹಿಡಿದು ಸೊಲ್ಲು, ಅಂದ್ರೆ ಪಲ್ಲವಿ, ಹಾಕೋರು. ನಾನು ಅಜ್ಜಿಯ ತೊಡೆ ಮೇಲೆ ನಿದ್ದೆ ಹೋಗುತ್ತಿದ್ದೆ. ನಡುರಾತ್ರಿ ಎಚ್ಚರವಾದರೆ ಅದೇ ಶ್ರುತಿ ಇನ್ನೂ ನಡೀತಾ ಇರುತ್ತಿತ್ತು. ಕತೆಯಲ್ಲಿ ಮಂಟೇಸ್ವಾಮಿಯ ಶಿಷ್ಯ ಕೆಂಪಾಚಾರಿ ಸಿದ್ದಪ್ಪಾಜಿಯಾಗಿ, ಕಬ್ಬಿಣದ ಭಿಕ್ಷೆಗೆ ಹಲಗೂರಿಗೆ ಹೋಗಿರುತ್ತಿದ್ದ.

ಸೋಮವಾರ ಬೆಳಗ್ಗೆಯೇ ಡಿಎಂಗೆ ಫೋನ್ ಮಾಡಿದೆ. "ಲೂಟ್ ತೆಗೆದುಬಿಡ್ತೀನಿ ಕಣೋ, ತಂಬೂರಿ ಬೇಕು." ಅವನು ಖುಷಿಯಿಂದ ಒಪ್ಪಿದ. ಬೆಲೆ, ತೂಕ ಎಲ್ಲ ಲೂಟ್‌ನದ್ದೇ ಇರಲಿ, ಉಳಿದದ್ದು ನೀನೇ ಕಟ್ಟು ಅಂದ.

ಕಟ್ಟೋಕೆ ಕೂತಾಗ ಗೊತ್ತಾಯಿತು, ವಾದ್ಯ ಬದಲಾದರೆ ಮನುಷ್ಯನೇ ಬದಲಾಗುತ್ತಾನೆ. ತಂಬೂರಿ ರಾಗ ನುಡಿಸಲ್ಲ. ಅದರ ತಂತಿಗಳು ಒಂದು ಶ್ರುತಿಯನ್ನು ಹಿಡಿದು ನಿಲ್ಲುತ್ತವೆ. ಬೆರಳಿನ ಚಮತ್ಕಾರಕ್ಕೆ ಅಲ್ಲಿ ಜಾಗವಿಲ್ಲ. ಎಲ್ಲವೂ ಬಾಯಿಂದ ಬರಬೇಕು, ಕತೆಯಿಂದ ಬರಬೇಕು. ಹೆಂಡದಂಗಡಿಯಲ್ಲಿ ಕೂತು ಎಲ್ಲರ ಮನಸ್ಸು ಗೆಲ್ಲುವ ಚೆಲುವ ಇವನಾಗಲಾರ. ಊರೂರು ನಡೆದು, ಮನೆಮನೆಯ ಕತೆ ಗೊತ್ತಿರುವವನಾಗಬೇಕು. ಅವನಿಗೆ ಹೊನ್ನ ಅಂತ ಹೆಸರಿಟ್ಟೆ. ವಿದ್ಯೆಯ ಪಂಥವಾದ ಕಾಲೇಜ್ ಆಫ್ ಲೋರ್ ಕೊಟ್ಟೆ.

ಎರಡೂ ಕೈ ತುಂಬಿರುವುದರಿಂದ ಹಾಡುವಾಗ ಕತ್ತಿ ಇಲ್ಲ, ಗುರಾಣಿ ಇಲ್ಲ. ಇದು ನಾನೇ ಹಾಕಿಕೊಂಡ ಕಟ್ಟು. ಬಾರ್ಡ್‌ನ ವಾದ್ಯವೇ ಮಂತ್ರದ ಸಾಧನ ಆಗಬಹುದು ಅಂತ ಆಟದ ನಿಯಮದಲ್ಲೇ ಇದೆ. ನಿದ್ದೆ ಬರಿಸುವ ಸ್ಲೀಪ್ ಮಂತ್ರಕ್ಕೆ ಚಿಟಿಕೆ ಮರಳೋ, ಗುಲಾಬಿ ಎಸಳೋ ಬೇಕು. ವಾದ್ಯವಿದ್ದರೆ ಅದೂ ಬೇಡ. ಹಾಗಾಗಿ ನನ್ನ ಮಂತ್ರಗಳನ್ನೆಲ್ಲ ಸಾಲುಗಳಾಗಿ ಮಾಡಿದೆ. ನೀಲಗಾರರು ಕಾವ್ಯದ ಒಂದೊಂದು ಭಾಗವನ್ನು ಸಾಲು ಅಂತಾರಲ್ವಾ, ಹಾಗೆ. ಸ್ಲೀಪ್ ತೊಟ್ಟಿಲ ಸಾಲಾಯಿತು. ಗಾಯ ಮಾಯಿಸುವ ಹೀಲಿಂಗ್ ವರ್ಡ್ ತಾಯಿ ಸಾಲಾಯಿತು.

ಬಾರ್ಡ್ ಅನ್ನುವ ಪಾತ್ರದ ಹುಟ್ಟಿಗೂ ಇದು ದೂರವೇನಲ್ಲ. 1976ರಲ್ಲಿ ಈ ಆಟಕ್ಕೆ ಬಾರ್ಡ್ ಮೊದಲು ಬಂದಾಗ ಅವನನ್ನು ರೂಪಿಸಿದ್ದು ಉತ್ತರ ಯುರೋಪಿನ ನಾರ್ಸ್ ಕವಿ ಸ್ಕಾಲ್ಡ್, ಕೆಲ್ಟಿಕ್ ಬಾರ್ಡ್, ದಕ್ಷಿಣ ಯುರೋಪಿನ ಹಾಡುಗಾರ, ಈ ಮೂವರನ್ನು ಸೇರಿಸಿ. 1978ರ ಪುಸ್ತಕದಲ್ಲಂತೂ ಮೊದಲು ಯೋಧನಾಗಿ, ಆಮೇಲೆ ಕಳ್ಳನಾಗಿ, ಕೊನೆಗೆ ಕೆಲ್ಟರ ಪುರೋಹಿತರಾದ ಡ್ರೂಯಿಡ್‌ಗಳ ಬಳಿ ಕಲಿತು ಬಾರ್ಡ್ ಆಗಬೇಕಿತ್ತು. ಕತೆ ಕಾಯುವವನು ಅಂದ್ರೆ ಅಷ್ಟು ದಾರಿ ಸವೆಸಿದವನು. ನನಗೆ ಆ ಹಳೆಯ ಕಲ್ಪನೆಯೇ ಹೆಚ್ಚು ಇಷ್ಟ.

ಒಂದು ವಿಷಯದಲ್ಲಿ ಮಾತ್ರ ತುಂಬ ಹೊತ್ತು ತಡೆದೆ. ನೀಲಗಾರರಿಗೆ ಅದು ದೀಕ್ಷೆ, ಭಕ್ತಿ. ಅವರ ದೇವರ ಹೆಸರನ್ನಾಗಲಿ, ಪದಗಳನ್ನಾಗಲಿ ದಾಳದ ಆಟಕ್ಕೆ ತರಲು ನನಗೆ ಮನಸ್ಸಾಗಲಿಲ್ಲ. ವಾದ್ಯ ಹಿಡಿಯುವ ರೀತಿ, ಹಾಡುವ ರೀತಿ ಅಷ್ಟನ್ನೇ ತೆಗೆದುಕೊಂಡೆ. ಸೊಲ್ಲನ್ನು ನಾನೇ ಕಟ್ಟಿದೆ: "ಬಂದೇವು ನಾವು, ಕೂಡಿ ಬಂದೇವು."

ಬಾರ್ಡಿಕ್ ಇನ್‌ಸ್ಪಿರೇಶನ್ ಅಂತ ಬಾರ್ಡ್‌ಗೆ ಒಂದು ಶಕ್ತಿ ಇದೆ. 60 ಅಡಿಯೊಳಗೆ ನನ್ನ ಹಾಡು ಕೇಳಿಸುವ ಒಬ್ಬರಿಗೆ ಆರು ಮುಖದ ದಾಳ ಕೊಡಬಹುದು. ನಾವು ಆಡುವ 2014ರ ನಿಯಮದಂತೆ ಹತ್ತು ನಿಮಿಷದೊಳಗೆ ಒಮ್ಮೆ ಅದನ್ನು ಉರುಳಿಸಿ, ಬಂದಷ್ಟನ್ನು ತಮ್ಮ ಅಂಕಿಗೆ ಸೇರಿಸಿಕೊಳ್ಳಬಹುದು. ನಮ್ಮ ಮೇಜಿಗೆ ಒಂದು ಪದ್ಧತಿ ಸೇರಿಸಿದೆ. ದಾಳ ತಗೊಳ್ಳುವವರೂ, ಉರುಳಿಸುವವರೂ ಸೊಲ್ಲು ಹಾಕಬೇಕು. ಒಬ್ಬನೇ ಹಾಡಿದರೆ ಅದು ತಂಬೂರಿ ಪದ ಅನ್ನಿಸಲ್ಲ.

ಮುಂದಿನ ಭಾನುವಾರ ಪಾಳು ಗುಡಿಯೊಂದರಲ್ಲಿ ಕಾಳಗ. ನಮ್ಮ ಯೋಧೆಯ ಪಾತ್ರ ಆಡುವವಳು ಹೈದರಾಬಾದಿನ ಗೆಳತಿ. ಕನ್ನಡ ಇನ್ನೂ ಕಲಿಯುತ್ತಿದ್ದಾಳೆ. ಬಾಗಿಲಲ್ಲೇ ಅವಳಿಗೆ ದಾಳ ಕೊಟ್ಟೆ. ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಸೊಲ್ಲು ಹಾಕಿದಳು.

ಒಳಗೆ ಹೋದ ಕೂಡಲೇ ಶತ್ರು ಪೂಜಾರಿ ಸೈಲೆನ್ಸ್ ಮಂತ್ರ ಹಾಕಿದ. ಸುತ್ತ 20 ಅಡಿ ಯಾವ ಸದ್ದೂ ಇಲ್ಲ. ಅದರೊಳಗೆ ಇರುವವರು ಮೇಜಿನಲ್ಲೂ ಮಾತಾಡಬಾರದು ಅಂದ ಡಿಎಂ. ನಾನು ಹೊರಗೆ, ಉಳಿದವರು ಒಳಗೆ. ಹೊನ್ನ ಎಷ್ಟು ಮೀಟಿದರೂ ಅವರಿಗೆ ಕೇಳಿಸಲ್ಲ. ನನ್ನ ಕೈ ನಿಜವಾಗಿಯೂ ತಣ್ಣಗಾಯಿತು.

ಗೆಳತಿಯ ಸರದಿ. ಇಪ್ಪತ್ತು ಮುಖದ ದಾಳದಲ್ಲಿ 6 ಬಿತ್ತು. ಅವಳ ಕೌಶಲದ 5 ಸೇರಿ 11. ಪೂಜಾರಿಯ ಕವಚ ದಾಟಿ ಏಟು ತಗುಲಲು 15 ಬೇಕು. ಅವಳು ನನ್ನ ಕಡೆ ನೋಡಿದಳು. ಬಾಗಿಲಲ್ಲಿ ಕೊಟ್ಟ ಆರು ಮುಖದ ದಾಳವನ್ನು ಕೈಗೆತ್ತಿಕೊಂಡಳು. ತುಟಿ ಮಾತ್ರ ಅಲ್ಲಾಡಿದವು. ಬಂದೇವು ನಾವು, ಕೂಡಿ ಬಂದೇವು. ಸದ್ದಿಲ್ಲ. ಆದರೆ ನನಗೆ ಪೂರ್ತಿ ಕೇಳಿಸಿತು.

ದಾಳ ಉರುಳಿ 5ಕ್ಕೆ ನಿಂತಿತು. ಒಟ್ಟು 16.

ಏಟು ತಗುಲಿ ಪೂಜಾರಿಯ ಏಕಾಗ್ರತೆ ಮುರಿಯಿತು, ಮಂತ್ರ ಬಿಟ್ಟುಹೋಯಿತು. "ಈಗ ಸದ್ದು ವಾಪಸ್ ಬಂತು, ನಿಮಗೆ ಮೊದಲು ಕೇಳಿಸೋದು ಏನು?" ಅಂದ ಡಿಎಂ. ನಾನು ಬಾಯಿ ತೆರೆಯುವ ಮೊದಲೇ ಉಳಿದ ಮೂವರೂ ಸೊಲ್ಲು ಹಾಕಿದರು. ಯಾರ ಸರದಿಯೂ ಅಲ್ಲ, ಯಾವ ದಾಳಕ್ಕೂ ಅಲ್ಲ. ಮೇಜು ಬಡಿದು ತಾಳ ಹಾಕಿ, ಇನ್ನೊಮ್ಮೆ, ಮತ್ತೊಮ್ಮೆ. ಅಡುಗೆಮನೆಯಿಂದ ಡಿಎಂನ ಅಮ್ಮ ಬಂದು ಬಾಗಿಲಲ್ಲಿ ನಿಂತು ಕೇಳಿದರು.

"ಯಾರಪ್ಪಾ ಪದ ಹೇಳ್ತಿರೋದು?"

ಗೆಳತಿ ನನ್ನ ಕಡೆ ಕೈ ತೋರಿಸಿದಳು. ನಾನು ಅವಳ ಕಡೆ ತೋರಿಸಿದೆ.