ಗೇಣುದ್ದದ ಮಡಿವಾಳ ಹಕ್ಕಿಗೆ ಅಷ್ಟು ತಿಂಗಳೇಕೆ?

ತೀರ್ಥಹಳ್ಳಿಯ ಕಡೆ ಇದ್ದುಕೊಂಡು ಹಾಡುಹಕ್ಕಿಗಳ ತೈಲಚಿತ್ರ ಬರೆಯುವ ನನ್ನನ್ನು ಜನ ಬೆಲೆಗಿಂತ ಹೆಚ್ಚಾಗಿ ಕೇಳುವುದು ಕಾಲದ ವಿಷಯ. ಜೂನ್ ತಿಂಗಳಲ್ಲಿ ಮಡಿವಾಳ ಹಕ್ಕಿಯ ಚಿತ್ರವೊಂದು ಬೇಕೆಂದು ಬಂದವರಿಗೆ ‘ಡಿಸೆಂಬರ್ ಕಳೆಯಲಿ’ ಎಂದರೆ, ‘ಹಕ್ಕಿ ಇರುವುದೇ ಗೇಣುದ್ದ, ಅದಕ್ಕೆ ಅಷ್ಟು ತಿಂಗಳು ಬೇಕೇ ಸಾರ್?’ ಎಂದು ಅವರು ಕೇಳದೆ ಇರುವುದಿಲ್ಲ. ಕುಂಚ ಹಿಡಿದು ಮಾಡುವ ಕೆಲಸ ನಿಜಕ್ಕೂ ಅಷ್ಟು ಕಾಲ ಹಿಡಿಯುವುದಿಲ್ಲ. ಮಿಕ್ಕ ಕಾಲವೆಲ್ಲ ಎಣ್ಣೆಗೂ ನಮ್ಮ ಮಲೆನಾಡಿನ ಹವೆಗೂ ಸೇರಿದ್ದು.

ತೈಲವರ್ಣದಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಸಾಮಾನ್ಯವಾಗಿ ಅಗಸೆ ಎಣ್ಣೆ. ಅದು ಹಗ್ಗದ ಮೇಲಿನ ಬಟ್ಟೆಯಂತೆ ನೀರಾರಿ ಒಣಗುವಂಥದ್ದಲ್ಲ, ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿ ಪೊರೆಯಾಗುವಂಥದ್ದು. ಹಾಗೆ ಗಟ್ಟಿಯಾಗುವಾಗ ಮೊದಮೊದಲು ಅದರ ತೂಕ ತುಸು ಹೆಚ್ಚುವುದೂ ಉಂಟು. ಬೆಳಕು ಮತ್ತು ಬೆಚ್ಚಗಿನ ಒಣಗಾಳಿ ಇದ್ದರೆ ಈ ಕ್ರಿಯೆ ಚುರುಕಾಗುತ್ತದೆ, ಥಂಡಿ ಮತ್ತು ಮಬ್ಬಿನಲ್ಲಿ ಮಂದವಾಗುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಪಕ್ಕದ ಸೀಮೆಯಲ್ಲಿ, ಆರಿದ್ರಾ ಮಳೆ ಹಿಡಿದ ಮೇಲೆ ಹಗಲಿನಲ್ಲೂ ದೀಪ ಹಾಕಿಕೊಳ್ಳುವ ಮನೆಯೊಳಗೆ ಒಂದು ಪದರ ಬಣ್ಣ ಆರುವುದನ್ನು ಕಾಯುವುದೆಂದರೆ ಏನೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆಯನ್ನು ಅಟ್ಟದ ಮೇಲೆ ಬೆಚ್ಚಗಿಡುವ ಹಾಗೆ ಚಿತ್ರವನ್ನೂ ಬಚ್ಚಲ ಒಲೆಯ ಹತ್ತಿರ ಇಟ್ಟರಾಯಿತಲ್ಲ ಎಂದು ಸಲಹೆ ಕೊಡುವವರೂ ಇದ್ದಾರೆ. ಹೊಗೆ ಹಿಡಿದು ಚಿತ್ರ ಮಸುಕಾಗುವುದು ಒಂದು ಕಡೆಯಾದರೆ, ಬಿಸಿಗೆ ದಪ್ಪ ಬಣ್ಣದ ಮೇಲ್ಮೈ ಬೇಗ ಕಟ್ಟಿಕೊಂಡು ಒಳಗೆ ಹಸಿಯಾಗಿಯೇ ಉಳಿದು ಸುಕ್ಕುಗಟ್ಟುವ ಅಪಾಯ ಇನ್ನೊಂದು ಕಡೆ.

ಹಾಗಾದರೆ ಒಂದೇ ಪದರದಲ್ಲಿ ಮುಗಿಸಬಾರದೇ ಎಂದರೆ, ಮಡಿವಾಳದ ಕಪ್ಪು ಅದಕ್ಕೆ ಒಪ್ಪುವುದಿಲ್ಲ. ಬೇಸಗೆಯ ಬೆಳಗಿನಲ್ಲಿ ಮನೆಯ ಮಾಡಿನ ತುದಿಯಲ್ಲೋ ತೆಂಗಿನ ಗರಿಯ ಮೇಲೋ ಕೂತು ಹಾಡುವ ಗಂಡುಹಕ್ಕಿಯನ್ನು ಸ್ವಲ್ಪ ಹೊತ್ತು ನೋಡಿ: ತಲೆ, ಎದೆ, ಬೆನ್ನು ಒಮ್ಮೆ ಮಸಿಯಂತೆ ಕಂಡದ್ದು ಅದು ಕತ್ತು ತಿರುಗಿಸಿದ ಕೂಡಲೇ ನೀಲಿಯಾಗುತ್ತದೆ. ಆ ನೀಲಿ ಬಣ್ಣದ್ದಲ್ಲ, ಗರಿಯ ಸೂಕ್ಷ್ಮ ರಚನೆಯಿಂದ ಬೆಳಕು ಮರಳುವ ರೀತಿಯದು. ಟ್ಯೂಬಿನ ಕಪ್ಪನ್ನೇ ಮೆತ್ತಿದರೆ ಹಕ್ಕಿಯ ಆಕಾರದ ತೂತೊಂದು ಕ್ಯಾನ್ವಾಸಿನಲ್ಲಿ ಕಾಣುತ್ತದೆಯೇ ಹೊರತು ಹಕ್ಕಿ ಕಾಣುವುದಿಲ್ಲ. ಆದ್ದರಿಂದ ನಾನು ಕಪ್ಪನ್ನು ಮುಟ್ಟದೆ, ಬರ್ನ್ಟ್ ಅಂಬರ್ ಎಂಬ ಕಂದುಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿಯನ್ನು ಬೆರೆಸಿ, ಟರ್ಪೆಂಟೈನ್‌ನಲ್ಲಿ ತೆಳುಮಾಡಿ ಮೊದಲ ಪದರ ಹಾಕುತ್ತೇನೆ. ಅದು ಆರಿದ ಮೇಲೆ ಭುಜಕ್ಕೂ ನೆತ್ತಿಗೂ ಎಣ್ಣೆ ಹೆಚ್ಚಿದ ಪಾರದರ್ಶಕ ನೀಲಿಯನ್ನು ಸವರಿ ಮತ್ತೆ ಕಾಯುತ್ತೇನೆ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಎಂಬ ಹಳೆಯ ನಿಯಮವನ್ನು ಮೀರಿದರೆ, ಕೆಳಗಿನದು ಇನ್ನೂ ಅಲುಗಾಡುತ್ತಿರುವಾಗಲೇ ಮೇಲಿನದು ಬಿಗಿದುಕೊಂಡು, ಕೆಲವು ವರ್ಷಗಳಲ್ಲಿ ಚಿತ್ರ ಬಿರುಕು ಬಿಡುತ್ತದೆ. ಬಿರುಕು ಕಾಣುವ ಹೊತ್ತಿಗೆ ಚಿತ್ರ ಕೊಂಡವರ ಗೋಡೆಯ ಮೇಲಿರುತ್ತದೆ ಎಂಬುದೇ ಈ ಕೆಲಸದಲ್ಲಿ ಅವಸರದವರಿಗೆ ಇರುವ ಅನುಕೂಲ.

ಬಿಳಿಯ ತೊಂದರೆ ಬೇರೆ. ಹೊಟ್ಟೆ, ರೆಕ್ಕೆಯ ಪಟ್ಟೆ ಮತ್ತು ಬಾಲದ ಅಂಚು ಬೆಳ್ಳಗಿರಲೇಬೇಕಾದ ಹಕ್ಕಿ ಇದು. ಅಗಸೆ ಎಣ್ಣೆಯಾದರೋ ಕತ್ತಲೆಯಲ್ಲಿಟ್ಟರೆ ಹಳದಿಗೆ ತಿರುಗುವ ಸ್ವಭಾವದ್ದು. ಕುಸುಬೆ ಎಣ್ಣೆಯಲ್ಲಿ ಅರೆದ ಟೈಟೇನಿಯಂ ವೈಟ್ ಅಷ್ಟು ಹಳದಿಯಾಗುವುದಿಲ್ಲವಾದರೂ ಅದು ಇನ್ನೂ ತಡವಾಗಿ ಆರುತ್ತದೆ. ಮಳೆಗಾಲದ ಮಬ್ಬಿನಲ್ಲಿ ಬಂದ ಹಳದಿ ಬೆಳಕಿಗಿಟ್ಟರೆ ಬಹುಮಟ್ಟಿಗೆ ಹೋಗುವುದರಿಂದ, ದಸರಾ ಕಳೆದು ಬಿಸಿಲು ನೆಲೆನಿಂತ ಮೇಲೆ ಚಿತ್ರವನ್ನು ಕಿಟಕಿಯ ಬೆಳಕಿಗೆ ಇಟ್ಟು, ಬಿಳಿಯ ನಿಜಬಣ್ಣವನ್ನು ಕಂಡುಕೊಂಡ ಬಳಿಕವೇ ಕೊನೆಯ ಗೆರೆಗಳನ್ನು ಎಳೆಯುತ್ತೇನೆ.

ಒಳ್ಳೆಯ ಫೋಟೋವನ್ನು ಕ್ಯಾನ್ವಾಸಿಗೆ ಪ್ರಿಂಟ್ ಹಾಕಿಸಿದರೆ ಇಷ್ಟೆಲ್ಲ ತಾಪತ್ರಯ ಇಲ್ಲ, ನಿಜ. ಪ್ರಿಂಟನ್ನು ನಾನು ಹೀಗಳೆಯುವುದೂ ಇಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆಯೇ ಅವನ ಲಕ್ಷ್ಮೀ ಸರಸ್ವತಿಯರು ಸಾಮಾನ್ಯರ ದೇವರ ಕೋಣೆಗೆ ಬಂದದ್ದು. ಆದರೆ ಮೂಲಚಿತ್ರದಲ್ಲಿ ಬಣ್ಣಕ್ಕೆ ದಪ್ಪವಿರುತ್ತದೆ, ಆ ದಪ್ಪದಲ್ಲಿ ಕೈಯ ಓಟ ಉಳಿದಿರುತ್ತದೆ. ನೆದರ್‌ಲೆಂಡ್ಸಿನ ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿರುವ, ಡಚ್ ಚಿತ್ರಕಾರ ಕರೆಲ್ ಫಬ್ರೀಟಿಯಸ್‌ನ 1654ರ ಗೋಲ್ಡ್‌ಫಿಂಚ್ ಚಿತ್ರ 33.5 ಸೆಂಟಿಮೀಟರ್ ಎತ್ತರ, 22.8 ಸೆಂಟಿಮೀಟರ್ ಅಗಲದ ಹಲಗೆಯಷ್ಟೇ. ಸರಪಳಿ ಹಾಕಿ ಕೂರಿಸಿದ ಆ ಪುಟ್ಟ ಹಾಡುಹಕ್ಕಿಯ ರೆಕ್ಕೆಯ ಹಳದಿಯನ್ನು ಒಂದು ದಿಟ್ಟ ಎಳೆತದಲ್ಲಿ ಇಟ್ಟ ಕೈ ಯಾವುದೆಂದು ಇವತ್ತಿಗೂ ತಿಳಿಯುತ್ತದೆ.

ಗೃಹಪ್ರವೇಶಕ್ಕೋ ಮದುವೆಯ ಉಡುಗೊರೆಗೋ ಹದಿನೈದು ದಿನದಲ್ಲಿ ಬೇಕೆನ್ನುವವರಿಗೆ ಜಲವರ್ಣದ ಚಿತ್ರ ಬರೆದುಕೊಡುತ್ತೇನೆ. ತೈಲಚಿತ್ರವೇ ಬೇಕೆಂದವರು ಅದನ್ನು ಮನೆಗೆ ಒಯ್ದ ಮೇಲೂ ಇನ್ನೊಂದು ಬಾರಿ ನನ್ನಲ್ಲಿಗೆ ತರಬೇಕಾಗುತ್ತದೆ, ಏಕೆಂದರೆ ಬಣ್ಣ ಒಳಗಿನವರೆಗೆ ಗಟ್ಟಿಯಾಗುವ ಮೊದಲು ಕೊನೆಯ ವಾರ್ನಿಶ್ ಹಚ್ಚುವುದು ಸರಿಯಲ್ಲ. ಅಲ್ಲಿಯವರೆಗೆ ಧೂಳನ್ನು ಒಣಗಿದ ಮೆತ್ತನೆಯ ಕುಂಚದಿಂದ ಕೊಡವಬೇಕು, ಒದ್ದೆಬಟ್ಟೆ ತಾಗಿಸಬಾರದು. ಮಳೆಗಾಲದಲ್ಲಿ ಬೆವರುವ ಹೊರಗೋಡೆಗೆ ತೂಗುಹಾಕುವುದನ್ನು ಬಿಟ್ಟು ಒಳಗೋಡೆಯನ್ನು ಆರಿಸಿಕೊಂಡು, ಚೌಕಟ್ಟಿನ ಹಿಂದೆ ನಾಲ್ಕೂ ಮೂಲೆಗೆ ಕಾರ್ಕ್ ತುಂಡು ಅಂಟಿಸಿ ಗಾಳಿಯಾಡಲು ಜಾಗ ಬಿಟ್ಟರೆ ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಹಿಡಿಯುವುದು ಕಡಿಮೆ.