ಎರಡು ಮುಅಜ್ಜಲ್

ನನ್ನ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಒಂದೇ ಒಂದು ಅಕ್ಷರದ್ದು.

ರಾಯಚೂರಿನ ಒಂದು ಲಾ ಕಾಲೇಜಿನಲ್ಲಿ ಕುಟುಂಬ ಕಾನೂನು ಪಾಠ ಮಾಡುತ್ತೇನೆ. ಪಿಎಚ್‌ಡಿ ಮಾಡಿದ್ದು ಮುಸ್ಲಿಂ ಕಾನೂನಿನಲ್ಲಿ. ಹಾಗಂದ ಕೂಡಲೇ ಎದುರಿಗಿದ್ದವರು ನನ್ನ ಹಣೆ ನೋಡುತ್ತಾರೆ. ಹಣೆಯಲ್ಲಿ ವಿಭೂತಿ ಇರುತ್ತದೆ. "ನಿಮಗ್ಯಾಕ್ರೀ ಮೇಡಂ ಈ ಸಬ್ಜೆಕ್ಟು?" ಮೊದಮೊದಲು ಇದಕ್ಕೆ ಉದ್ದ ಉತ್ತರ ಕೊಡುತ್ತಿದ್ದೆ. ಈಗ ಡಿ.ಎಫ್. ಮುಲ್ಲಾ ಅವರ ಹೆಸರು ಹೇಳಿ ಸುಮ್ಮನಾಗುತ್ತೇನೆ. ಮುಸ್ಲಿಂ ಕಾನೂನು ಅಂದರೆ ನಮ್ಮ ವಕೀಲರು ಇವತ್ತಿಗೂ ಮೊದಲು ತೆರೆಯೋದು ಅವರ ಪುಸ್ತಕವನ್ನೇ. ಹೆಸರು ನೋಡಿ ಯಾರೋ ಮೌಲ್ವಿ ಇರಬೇಕು ಅಂದುಕೊಳ್ಳುವ ಹುಡುಗರು ಪ್ರತಿ ವರ್ಷ ಸಿಗುತ್ತಾರೆ. ಅವರು ಪಾರ್ಸಿ. ಹಿಂದೂ ಕಾನೂನಿನ ಪುಸ್ತಕವನ್ನೂ ಅವರೇ ಬರೆದರು.

ನೆಟ್ ಪಾಸು ಮಾಡಿದ್ದು, ಅತಿಥಿ ಉಪನ್ಯಾಸಕಿಯಾಗಿ ವರ್ಷಗಟ್ಟಲೆ ಹೊಸ ಆದೇಶಕ್ಕೆ ಕಾದಿದ್ದು, ಬಾಕಿ ಸಂಬಳ, ಅದೆಲ್ಲ ಇಲ್ಲಿ ಬರೆಯಲ್ಲ. ಎಲ್ಲರದೂ ಅದೇ ಕಥೆ, ಅಲ್ವಾ?

ಅಕ್ಷರದ ವಿಷಯಕ್ಕೆ ಬರುತ್ತೇನೆ. ಪಿಎಚ್‌ಡಿ ಕೈಗೆ ಬಂದು ಇನ್ನೂ ಶಾಯಿ ಆರಿರಲಿಲ್ಲ. ಪರಿಚಯದ ವಕೀಲರೊಬ್ಬರು ಒಂದು ಹಳೇ ಮದುವೆ ಪತ್ರ, ನಿಕಾಹ್‌ನಾಮಾ ತಂದರು. ಗಂಡ ಬದುಕಿದ್ದಾನೆ, ತಲಾಖ್ ಆಗಿಲ್ಲ. ಹೆಂಡತಿ ಬೇರೆ ಇದ್ದಾಳೆ, ಮೆಹರ್, ಅಂದರೆ ಮದುವೆಗೆ ಗಂಡ ಹೆಂಡತಿಗೆ ಕೊಡಬೇಕಾದ ಹಣ, ಕೇಳಬೇಕು ಅಂತಿದ್ದಾಳೆ. ಕೇಳಬಹುದಾ?

ಮೆಹರ್ ಎರಡು ಥರ. ಒಂದು, ಹೆಂಡತಿ ಕೇಳಿದಾಗ ಕೊಡಲೇಬೇಕಾದದ್ದು. ಇನ್ನೊಂದು, ಮದುವೆ ಮುರಿದಾಗ ಅಥವಾ ಗಂಡ ತೀರಿಕೊಂಡಾಗ ಕೊಡುವಂಥದ್ದು. ಮೊದಲನೆಯದು ಮುಅಜ್ಜಲ್. ಎರಡನೆಯದೂ ಮುಅಜ್ಜಲ್. ತಮಾಷೆ ಅಲ್ಲ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ನಮ್ಮ ಕಿವಿಗೂ ಒಂದೇ. ಉರ್ದು ಲಿಪಿಯಲ್ಲಿ ಮಾತ್ರ ನಡುವಿನ ಒಂದು ಅಕ್ಷರ ಬೇರೆ. ಮೊದಲನೆಯದರಲ್ಲಿ ಐನ್, ಎರಡನೆಯದರಲ್ಲಿ ತಲೆ ಮೇಲೆ ಹಮ್ಜಾ ಅನ್ನುವ ಸಣ್ಣ ಗುರುತು ಹೊತ್ತ ವಾವ್.

ಎರಡೂ ಇದೆ ಅಂತ ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದವಳು. ಆದರೆ ನಾನು ಓದಿದ್ದೆಲ್ಲ ಇಂಗ್ಲಿಷ್ ಪುಸ್ತಕದಲ್ಲಿ. ಕೈಬರಹದ ಉರ್ದು ಓದುವಷ್ಟು ಕಲಿತಿರಲಿಲ್ಲ, ಓದುತ್ತೇನೆ ಅನ್ನುವ ಜಂಭ ಮಾತ್ರ ಇತ್ತು. ಕಾಗದ ಹಿಡಿದು ವಾವ್ ಅಂತ ಓದಿದೆ. "ಈಗ ಕೇಳಾಕ ಬರಲ್ಲ ಸರ್, ತಲಾಖ್ ಆದ ಮೇಲೇ" ಅಂದುಬಿಟ್ಟೆ.

ನನ್ನ ಪುಣ್ಯ, ಆ ವಕೀಲರಿಗೆ ನನ್ನ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಕೋಟೆ ಹತ್ತಿರ ಇರುವ ಒಬ್ಬ ನಿವೃತ್ತ ಉರ್ದು ಶಾಲೆ ಮಾಸ್ತರರಿಗೆ ತೋರಿಸಿದರು. ಮಾಸ್ತರರು ನನ್ನನ್ನೇ ಕರೆಸಿದರು. ಬೈಯಲಿಲ್ಲ. ಒಂದು ಚಹಾ ತರಿಸಿ, ಕಾಗದ ಬೆಳಕಿಗೆ ಹಿಡಿದರು.

"ನೋಡು ತಾಯಿ. ವಾವ್ ಭಾಳ ಬಿಗುಮಾನದ ಅಕ್ಷರ. ಹಿಂದಿನವ ಕೈ ಕೊಟ್ರ ಹಿಡೀತದ, ಮುಂದಿನವಗ ಕೈ ಕೊಡಲ್ಲ. ಅಲ್ಲೇ ನಿಂತು ಬಿಡ್ತದ. ಐನ್ ಹಂಗಲ್ಲ, ಎರಡೂ ಕಡೆ ಕೈ ಹಿಡೀತದ. ಇಲ್ಲಿ ಗೆರಿ ಕಡದದ ಏನು?"

ಕಡಿದಿರಲಿಲ್ಲ. ಗೆರೆ ಸಣ್ಣ ಗಂಟು ಹಾಕಿಕೊಂಡು ಮುಂದಿನ ಜೀಮ್‌ಗೆ ಸೇರಿತ್ತು. ಐನ್. ಅಂದರೆ ಉಜ್ಲತ್ ಅನ್ನುವ ಮಾತಿನ ಕುಲ, ಅವಸರದ್ದು. ವಾವ್ ಬಂದಿದ್ದರೆ ಅಜಲ್‌ನ ಕುಲ, ಗೊತ್ತು ಮಾಡಿದ ಕಾಲದ್ದು. ಆ ಹೆಣ್ಣುಮಗಳು ಅವತ್ತೇ ಕೇಳಬಹುದಿತ್ತು. ಮದುವೆಯಾದ ದಿನದಿಂದಲೂ ಕೇಳಬಹುದಿತ್ತು.

ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ಎರಡು ವರ್ಷ ಪ್ರತಿ ಗುರುವಾರ ಸಂಜೆ ಮಾಸ್ತರರ ಕಟ್ಟೆಯ ಮೇಲೆ ಕೂತು ಪಾಟಿ ಹಿಡಿದಿದ್ದೇನೆ. ತುಲನಾತ್ಮಕ ಕಾನೂನು ಮಾಡುವ ಆಸೆ ಇರುವ ಹುಡುಗ ಹುಡುಗಿಯರು ಏನು ಓದಬೇಕು ಮೇಡಂ ಅಂತ ಕೇಳುತ್ತಾರೆ. ಮೊದಲು ಲಿಪಿ ಕಲೀರಿ ಅಂತ ಹೇಳುತ್ತೇನೆ. ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ, ಜರ್ನಲ್ ಹೆಸರು ಹೇಳಲಿ ಅಂತ ಅವರ ಆಸೆ.

ನಮ್ಮ ಭಾಗದಲ್ಲಂತೂ ಲಿಪಿ ಬೇಕೇ ಬೇಕು. 1948ರ ತನಕ ರಾಯಚೂರು ನಿಜಾಮರ ಕೆಳಗಿತ್ತು, ಕೋರ್ಟು ಕಚೇರಿ ಉರ್ದುವಿನಲ್ಲಿ ನಡೆಯುತ್ತಿತ್ತು. ಇವತ್ತಿಗೂ ಇನಾಮು ಜಮೀನಿನ ತಕರಾರು ಬಂದರೆ ಟ್ರಂಕಿನಿಂದ ಉರ್ದು ಕಾಗದ ಹೊರಗೆ ಬರುತ್ತದೆ. ತಕರಾರು ಅಂದೆ ನೋಡಿ, ಅದೂ ಆ ಕಡೆಯಿಂದ ಬಂದ ಮಾತೇ. ವಕೀಲ, ಅರ್ಜಿ, ದಾವೆ, ಹಕ್ಕು, ವಾರಸುದಾರ, ಎಲ್ಲ ಅರಬ್ಬಿ ಬೇರು. ಹಿಂದೂ ಮನೆಯ ಪಾಲಿನ ಜಗಳದಲ್ಲಿ 'ನಾನೂ ವಾರಸುದಾರ' ಅಂತ ಕೂಗುತ್ತಾರೆ. ಮುಸ್ಲಿಂ ಮನೆಯಲ್ಲಿ 'ನನ್ನ ಪಾಲು ಕೊಡ್ರಿ' ಅಂತಾರೆ. ಮಾತುಗಳು ಯಾವಾಗಲೋ ಮನೆ ಬದಲಾಯಿಸಿವೆ.

ಇದರ ಉಲ್ಟಾ ಕಥೆಯೂ ಇದೆ. ಹಿಂದೂ ಆಸ್ತಿ ಕಾನೂನಿನ ಮಿತಾಕ್ಷರ ಹುಟ್ಟಿದ್ದು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನ ಕೈಯಲ್ಲಿ. ಕೋರ್ಟಿಗೆ ಅದು ಬಂದದ್ದು 1810ರಲ್ಲಿ ಕೋಲ್‌ಬ್ರೂಕ್ ಮಾಡಿದ ಇಂಗ್ಲಿಷ್ ಅನುವಾದದಿಂದ. ಮುಸ್ಲಿಂ ವಾರಸಾ ಕಾನೂನಿನ ಸಿರಾಜಿಯ್ಯಾ ಕೂಡ ಹಾಗೇ, ವಿಲಿಯಂ ಜೋನ್ಸ್ ಅದನ್ನು 1792ರಲ್ಲಿ ಇಂಗ್ಲಿಷಿಗೆ ತಂದರು. ಹಿಂದೂಗಳಿಗೆ ಶಾಸ್ತ್ರ, ಮುಸ್ಲಿಮರಿಗೆ ಕುರಾನು ಅಂತ 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಗೆರೆ ಎಳೆದ ಮೇಲೆ ಜಡ್ಜುಗಳಿಗೆ ಓದಲು ಏನಾದರೂ ಬೇಕಿತ್ತು. ಎರಡೂ ಧರ್ಮದ ಕಾನೂನು ನಮಗೆ ವಾಪಸ್ ಬಂದದ್ದು ಮೂರನೆಯವರ ಭಾಷೆಯಲ್ಲಿ. ನಾನು ಐನ್ ಗುರುತಿಸದೇ ಹೋದದ್ದಕ್ಕೆ ನೆಪ ಹೇಳುತ್ತಿಲ್ಲ. ಸ್ವಲ್ಪ ಹೇಳುತ್ತಿದ್ದೇನೆ.

ಪಿಎಚ್‌ಡಿ ದಿನಗಳಲ್ಲಿ ಒಬ್ಬ ಹಿರಿಯ ಪ್ರಾಧ್ಯಾಪಕರು ನನ್ನ ವಿಷಯ ನೋಡಿ, ತುಲನೆ ಅಂದರೆ ಇಂಗ್ಲೆಂಡು ಫ್ರಾನ್ಸು ಇರಬೇಕಮ್ಮಾ, ಇದೇನು ರಾಯಚೂರು ಬಳ್ಳಾರಿ ಅಂದಿದ್ದರು. ಅವತ್ತು ಅತ್ತಿದ್ದೆ. ಆಮೇಲೆ ಬರೀ ಕಾಯ್ದೆಯ ಪಠ್ಯ ಇರುವ ಬೇರ್ ಆಕ್ಟ್‌ನ ಅಡಿಟಿಪ್ಪಣಿ ಒಂದು ನನ್ನ ಕಣ್ಣೀರು ಒರೆಸಿತು. 1937ರ ಷರಿಯತ್ ಕಾಯ್ದೆ ಎಲ್ಲರಿಗೂ ಗೊತ್ತು, ಮದುವೆ, ವಾರಸಾ ಥರದ ವಿಷಯದಲ್ಲಿ ಮುಸ್ಲಿಮರಿಗೆ ಮುಸ್ಲಿಂ ಕಾನೂನೇ ಅನ್ನುವಂಥದ್ದು. ಅದನ್ನು ಮಾಡಿದ್ದು ಬ್ರಿಟಿಷ್ ಇಂಡಿಯಾಕ್ಕೆ. ತುಂಗಭದ್ರೆಯ ಆ ದಡದ ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಹಾಗಾಗಿ ಅಲ್ಲಿಗೆ ಬಂತು. ಈ ದಡದ ರಾಯಚೂರಿನಲ್ಲಿ ರಾಜನೇ ಮುಸ್ಲಿಂ, ಆದರೆ ಆ ಕಾಯ್ದೆ ಇಲ್ಲ! ಅದು ಇಲ್ಲಿಗೆ ಬಂದದ್ದು 1959ರ ಇನ್ನೊಂದು ಕಾಯ್ದೆಯ ಮೂಲಕ, 1960ರ ಫೆಬ್ರುವರಿ 1ರಿಂದ. ಅದಕ್ಕೆ ಮೊದಲು ಇಲ್ಲಿ ಮುಸ್ಲಿಂ ಕಾನೂನು ಇರಲಿಲ್ಲ ಅಂತಲ್ಲ. ನಿಜಾಮರ ಕೋರ್ಟುಗಳು ಮುಸ್ಲಿಮರಿಗೆ ಅದನ್ನು ಹಚ್ಚುತ್ತಲೇ ಇದ್ದವು. ಕಾಯ್ದೆ ಬೇರೆ, ಕಾನೂನು ಬೇರೆ. ಒಂದು ಹೊಳೆ ದಾಟಿದರೆ ಇಷ್ಟು ವ್ಯತ್ಯಾಸ ಸಿಗುವಾಗ ಫ್ರಾನ್ಸಿಗೆ ಯಾಕೆ ಹೋಗಲಿ? (ಸ್ಕಾಲರ್‌ಶಿಪ್ ಕೊಟ್ಟಿದ್ದರೆ ಹೋಗುತ್ತಿದ್ದೆ, ಅದು ಬೇರೆ ಮಾತು.)

ಈಗ ಕ್ಲಾಸಿನ ಒಂದು ದಿನ ಹೇಳಬೇಕು.

ವಾರಸಾ ಲೆಕ್ಕ ಅಂದರೆ ಹುಡುಗರು ಹೆದರುತ್ತಾರೆ. ಅದಕ್ಕೆ ನಾನು ಭತ್ತದ ಚೀಲ ಹಂಚುತ್ತೇನೆ. ಒಬ್ಬ ತೀರಿಕೊಂಡ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ತಂದೆ, ತಾಯಿ ಇದ್ದಾರೆ. 24 ಚೀಲ ಇದೆ. ಹೆಂಡತಿಗೆ ಎಂಟನೇ ಒಂದು ಪಾಲು, 3 ಚೀಲ. ಹೆಣ್ಣುಮಕ್ಕಳಿಗೆ ಸೇರಿ ಮೂರನೇ ಎರಡು ಪಾಲು, 16. ತಂದೆಗೆ ಆರನೇ ಒಂದು, 4. ತಾಯಿಗೂ 4. ಕೂಡಿಸ್ರಿ ಅಂದೆ. ಕೂಡಿಸಿದರು. 27.

"ಮೇಡಂ, ಮೂರು ಚೀಲ ಸಾಲದ ತರಬೇಕು" ಅಂದ ಒಬ್ಬ. ಎಲ್ಲರೂ ನಕ್ಕರು. ಹಿಂದಿನ ಬೆಂಚಿನಲ್ಲಿ ಸಿಂಧನೂರಿನ ಹುಡುಗ ಒಬ್ಬ, ಮನೆಯವರದು ರೈಸ್ ಮಿಲ್ಲು, ನಗಲಿಲ್ಲ. "ಅದೇ ಭತ್ತ 27 ಚೀಲದಾಗ ತುಂಬಿಸ್ರಿ ಮೇಡಂ. ಚೀಲದ ತೂಕ ಸ್ವಲ್ಪ ಇಳೀತದ, ಯಾರ ಎಣಿಕಿನೂ ಕಮ್ಮಿ ಆಗಲ್ಲ."

ನಾನು ಚಾಕ್‌ಪೀಸ್ ಕೆಳಗಿಟ್ಟೆ. ಆ ಹುಡುಗ ಹೇಳಿದ್ದಕ್ಕೆ ಔಲ್ ಅನ್ನುತ್ತಾರೆ. ಇದೇ ಲೆಕ್ಕವನ್ನು ಹಜರತ್ ಅಲಿ ಅವರಿಗೆ ಕೇಳಿದಾಗ ಮಿಂಬರ್ ಮೇಲೆ, ಅಂದರೆ ಮಸೀದಿಯ ಪ್ರವಚನ ಪೀಠದ ಮೇಲೆ, ಇದ್ದ ಹಾಗೇ 'ಅವಳ ಎಂಟನೇ ಪಾಲು ಒಂಬತ್ತನೇ ಪಾಲಾಯಿತು' ಅಂದರು ಅಂತ ಹೇಳುತ್ತಾರೆ. 27ರಲ್ಲಿ 3 ಅಂದರೆ ಒಂಬತ್ತನೇ ಒಂದು, ಸರಿಯಾಗೇ ಇದೆ. ಮಿಂಬರ್‌ನಿಂದಾಗಿ ಈ ಲೆಕ್ಕಕ್ಕೆ ಮಿಂಬರಿಯ್ಯಾ ಅಂತಲೇ ಹೆಸರು. ಶಿಯಾ ಕಾನೂನು ಮಾತ್ರ ಔಲ್ ಒಪ್ಪಲ್ಲ. ಕೊರತೆ ಬಿದ್ದರೆ ಅದು ಹೆಣ್ಣುಮಕ್ಕಳ ಪಾಲಿನಿಂದ ಹೋಗುತ್ತದೆ. ಅಲ್ಲಿ ಚೀಲ ಹೊಲಿಯಲ್ಲ, ಒಬ್ಬರ ಚೀಲದಿಂದ ಸುರಿಯುತ್ತಾರೆ.

ನಾನು ಖುಷಿಯಲ್ಲಿ ಇದ್ದೆ. ಆಗ ಮುಂದಿನ ಸಾಲಿನ ಮಸ್ಕಿ ಕಡೆಯ ಮುಸ್ಲಿಂ ಹುಡುಗಿ ಮೆಲ್ಲಗೆ ಹೇಳಿದಳು, "ಮೇಡಂ, ನಮ್ಮ ಮನ್ಯಾಗ ಯಾರಿಗೂ ಒಂದು ಚೀಲಾನೂ ಬಂದಿಲ್ಲ ರೀ. ಅಮ್ಮಿ ಸಹಿ ಮಾಡ್ಯಾಳ."

ಸಹಿ ಅಂದರೆ ಹಕ್ಕು ಬಿಡುಗಡೆ ಪತ್ರ. ಕ್ಲಾಸಿನ ಹಿಂದೂ ಹುಡುಗಿಯರನ್ನು ಕೇಳಿದೆ, ನಿಮ್ಮ ತಾಯಂದಿರು, ಅತ್ತೆಯಂದಿರು ತವರಿನ ಪಾಲು ತಗೊಂಡಿದ್ದಾರಾ? ಒಬ್ಬರ ಮುಖ ಒಬ್ಬರು ನೋಡಿದರು. ಒಂದು ಕೈ ಮೇಲೆ ಬಂತು. ಅದೂ ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ ಅಂತ ಹೇಳಲು.

ಹಿಂದೂ ಮಗಳಿಗೆ ಪಿತ್ರಾರ್ಜಿತದಲ್ಲಿ ಮಗನ ಸಮ ಪಾಲು ಅಂತ 2005ರ ತಿದ್ದುಪಡಿ ಹೇಳುತ್ತದೆ. ಮುಸ್ಲಿಂ ಮಗಳಿಗೆ ಮಗನ ಅರ್ಧ ಅಂತ ಕುರಾನು ಹೇಳುತ್ತದೆ. ನಾನು ವರ್ಷಗಟ್ಟಲೆ ಇವೆರಡರ ವ್ಯತ್ಯಾಸದ ಮೇಲೆ ಲೇಖನ ಬರೆದಿದ್ದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕೂತರೆ ಎರಡೂ ಮನೆಯ ಹೆಣ್ಣುಮಕ್ಕಳು ಒಂದೇ ಥರದ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಿರುತ್ತಾರೆ. ಪಾಲು ತಗೊಂಡರೆ ಪಂಚಮಿಗೆ ಕರೆಯಲು ಅಣ್ಣ ಬರಲ್ಲ. ಈದ್‌ಗೆ ಭಾಯಿ ಬರಲ್ಲ. ತವರಿನ ಬಾಗಿಲು ಮುಚ್ಚುತ್ತದೆ. ಯಾವ ಪುಸ್ತಕದಲ್ಲೂ ಇಲ್ಲದ ಈ ಕಾನೂನು ಎರಡನ್ನೂ ಮೀರಿ ನಡೆಯುತ್ತಿದೆ. ಇನ್ನು ನಮ್ಮಲ್ಲಿ ಆಸ್ತಿ ಅಂದರೆ ಹೊಲ. ಷರಿಯತ್ ಕಾಯ್ದೆಯ 2ನೇ ಕಲಂ ನೋಡಿದರೆ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಹಾಗೆ ಹೊರಗಿಟ್ಟದ್ದಕ್ಕೆ ಅರ್ಥ ಏನು ಅಂತ ವಾದ ಮಾಡಲು ಒಂದು ಸೆಮಿಸ್ಟರ್ ಬೇಕು, ಬಿಡಿ.

ಕಾನೂನು ಬಹುತ್ವ ಅಂತ ದೊಡ್ಡ ಹೆಸರಿನಲ್ಲಿ ನಾವು ಓದುವುದು ಇದನ್ನೇ. ಯುಗೆನ್ ಏರ್ಲಿಶ್ ಅಂತ ಒಬ್ಬ ಮೇಷ್ಟ್ರು ಆಸ್ಟ್ರಿಯಾ ಸಾಮ್ರಾಜ್ಯದ ಪೂರ್ವದ ಗಡಿಯ ಚೆರ್ನೋವಿಟ್ಸ್‌ನಲ್ಲಿ ಪಾಠ ಮಾಡುತ್ತಿದ್ದರು. ಸುತ್ತ ಹಲವು ಭಾಷೆಯ, ಹಲವು ಜನಾಂಗದ ಊರುಗಳು, ಮೇಲೆ ಒಂದೇ ಸಿವಿಲ್ ಕೋಡು. ಊರಲ್ಲಿ ನಿಜವಾಗಿ ಏನು ನಡೆಯುತ್ತದೆ ಅಂತ ತಿಳಿಯೋಕೆ ವಿದ್ಯಾರ್ಥಿಗಳನ್ನೇ ಹಚ್ಚಿದರು. ಸಿಕ್ಕಿದ್ದಕ್ಕೆ ಬದುಕುವ ಕಾನೂನು ಅಂತ ಹೆಸರಿಟ್ಟು 1913ರಲ್ಲಿ ಪುಸ್ತಕ ಬರೆದರು. ನಾನು ಆ ಹೆಸರನ್ನು ಕ್ಲಾಸಿನಲ್ಲಿ ಹತ್ತು ಸಲ ಹೇಳಿದ್ದೆ. ಅವರು ಮಾಡಿದ ಕೆಲಸ ಒಂದು ಸಲವೂ ಮಾಡಿರಲಿಲ್ಲ.

ಅವತ್ತಿನಿಂದ ಅಸೈನ್‌ಮೆಂಟ್ ಬದಲಾಯಿಸಿದೆ. ಲೈಬ್ರರಿ ಬೇಡ, ಮನೆಯಲ್ಲಿ ಕೇಳಿಕೊಂಡು ಬನ್ನಿ. ಯಾರಿಗೆ ಏನು ಬಂತು, ಯಾರು ಸಹಿ ಮಾಡಿದರು, ಬದಲಿಗೆ ಏನು ಕೊಟ್ಟರು. ಹೆಸರು ಬರೆಯಬೇಡಿ. ಬರುವ ಉತ್ತರಗಳಲ್ಲಿ ಸೀರೆ ಇರುತ್ತದೆ, ಒಂದು ಎಮ್ಮೆ ಇರುತ್ತದೆ, ಮಗನ ಫೀಸು ಇರುತ್ತದೆ. 'ಇದನ್ನ ಕೇಳಾಕ ನಿನ್ನ ಲಾ ಓದಸಾಕ ಹತ್ತೀವಾ' ಅಂತ ಬೈಸಿಕೊಂಡವರೂ ಇರುತ್ತಾರೆ. ಅದನ್ನೂ ಹಾಗೇ ಬರೆಯಿರಿ ಅನ್ನುತ್ತೇನೆ, ಅದಕ್ಕೂ ಅಂಕ ಉಂಟು.

ಮಸ್ಕಿ ಹುಡುಗಿ ಹೋದ ವಾರ ವಾಟ್ಸಾಪ್‌ನಲ್ಲಿ ಅವರ ಅಮ್ಮಿಯ ನಿಕಾಹ್‌ನಾಮಾದ ಫೋಟೋ ಕಳಿಸಿದಳು. ಜೊತೆಗೆ ಒಂದೇ ಸಾಲು: "ಇದು ಯಾವ ಮುಅಜ್ಜಲ್ ಮೇಡಂ?" ದೊಡ್ಡದು ಮಾಡಿ ನೋಡಿದೆ. ಮತ್ತೂ ದೊಡ್ಡದು ಮಾಡಿದೆ. ಕಾಗದದ ಮಡಿಕೆ ಸರಿಯಾಗಿ ಆ ಅಕ್ಷರದ ಮೇಲೇ ಬಿದ್ದಿತ್ತು. ಮೂಲ ಕಾಗದ ತಗೊಂಡು ಗುರುವಾರ ಸಂಜೆ ಬಾ, ಇಬ್ಬರೂ ಕೋಟೆ ಕಡೆ ಹೋಗೋಣ ಅಂತ ಬರೆದೆ.